ಪಳೆಯುಳಿಕೆ ಡಯಾಟಮ್‌ಗಳ ಚಿತ್ರಗ್ರಹಣ: ಮಣ್ಣಿನ ಹೆಂಟೆಯಿಂದ ನಂಬಬಹುದಾದ ಚಿತ್ರದವರೆಗೆ

ಹನ್ನೊಂದು ವಾರಗಳ ಕೆಲಸದ ನಂತರ, ಯಾರ ಮುಂದೆಯಾದರೂ ಇಟ್ಟು ‘ಇದರಲ್ಲಿ ಕಾಣುವ ಪ್ರತಿಯೊಂದು ರಂಧ್ರವೂ ಚಿಪ್ಪಿನಲ್ಲಿ ನಿಜವಾಗಿ ಇದೆ’ ಎಂದು ಹೇಳಬಹುದಾದ ಒಂಬತ್ತು ಚಿತ್ರಗಳು ನನ್ನ ಬಳಿ ಇವೆ. ಈ ಅವಧಿಯಲ್ಲಿ ಕ್ಯಾಮೆರಾದಲ್ಲಿ ತೆಗೆದ ಬಿಡಿ ಚಿತ್ರಗಳು ನಾಲ್ಕು ಸಾವಿರಕ್ಕೂ ಹೆಚ್ಚು. ಇಷ್ಟರಲ್ಲಿ ಉಳಿದವು ಒಂಬತ್ತೇ ಏಕೆ, ಯಾವ ಹಂತದಲ್ಲಿ ಏನು ತಪ್ಪು ಮಾಡಿದೆ, ಅದನ್ನು ಹೇಗೆ ಸರಿಪಡಿಸಿದೆ ಎಂಬುದನ್ನು ದಿನಚರಿಯ ಟಿಪ್ಪಣಿಗಳಿಂದ ಎತ್ತಿ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಡಯಾಟಮ್ ಎಂದರೆ ಗಾಜಿನಂಥ ಸಿಲಿಕಾ ಚಿಪ್ಪಿನೊಳಗೆ ಬದುಕುವ ಏಕಕೋಶದ ಪಾಚಿ. ಚಿಪ್ಪು ಕರಡಿಗೆ ಮತ್ತು ಅದರ ಮುಚ್ಚಳದಂತೆ ಎರಡು ಹೋಳುಗಳಾಗಿರುತ್ತದೆ; ಜೀವಿ ಸತ್ತ ಮೇಲೆ ಹೋಳುಗಳು ಬೇರ್ಪಟ್ಟು ತಳಕ್ಕಿಳಿದು, ಪದರದ ಮೇಲೆ ಪದರವಾಗಿ ಕೂತು, ಕಾಲಾಂತರದಲ್ಲಿ ಬಿಳಿಯ ಹಗುರವಾದ ಶಿಲೆಯಾಗುತ್ತವೆ. ನಾನು ಬಳಸಿದ್ದು ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪದಲ್ಲಿರುವ ಓಮರು ಪ್ರದೇಶದ ಶಿಲೆ. ಇಯೊಸೀನ್ ಕಾಲದ ಕೊನೆಯ ಭಾಗದ, ಎಂದರೆ ಸುಮಾರು 3.5 ಕೋಟಿ ವರ್ಷ ಹಳೆಯ ಸಮುದ್ರತಳದ ಈ ಶಿಲೆಯು ಚಿಪ್ಪುಗಳ ಗಾತ್ರಕ್ಕೂ ವೈವಿಧ್ಯಕ್ಕೂ ಹತ್ತೊಂಬತ್ತನೇ ಶತಮಾನದಿಂದಲೇ ಹೆಸರಾಗಿದೆ. ಪರಿಚಿತ ಸಂಗ್ರಾಹಕರೊಬ್ಬರು ಕೊಟ್ಟ ಹೆಂಟೆ 11 ಗ್ರಾಂ ತೂಗಿತು.

ಇದಕ್ಕೂ ಮೊದಲು, ಸೋಸುವಿಕೆಗೆಂದು ಮಾರುವ ಡಯಾಟಮ್ ಮಣ್ಣಿನ ಪುಡಿಯನ್ನು ನೋಡಿದ್ದೆ. ಅದು ಗಿರಣಿಯಲ್ಲಿ ಅರೆದ ಪುಡಿಯಾದ್ದರಿಂದ ಇಡೀ ಚಿಪ್ಪು ಸಿಗುವುದೇ ಅಪರೂಪ. ಅಲ್ಲದೆ ಕುಲುಮೆಯಲ್ಲಿ ಸುಟ್ಟ ಬಗೆಯಲ್ಲಿ ಕ್ರಿಸ್ಟೋಬಲೈಟ್ ಎಂಬ ಹರಳು ರೂಪದ ಸಿಲಿಕಾ ಉಂಟಾಗಿರುವುದರಿಂದ ಅದರ ಧೂಳು ಶ್ವಾಸಕೋಶಕ್ಕೆ ಹೆಚ್ಚು ಅಪಾಯಕಾರಿ. ಯಾವ ಬಗೆಯ ಡಯಾಟಮ್ ಮಣ್ಣನ್ನೇ ಆಗಲಿ, ಒಣಗಿರುವಾಗ ಮುಖಗವಸು ಇಲ್ಲದೆ ಮುಟ್ಟಬಾರದು.

ಉಪಕರಣಗಳು

ಸೂಕ್ಷ್ಮದರ್ಶಕವು 160 ಮಿ.ಮೀ. ಕೊಳವೆಯ ಹಳೆಯ ಮಾದರಿಯದು. ಕಣ್ಣಿಗೆ ಎರಡು ಕೊಳವೆಗಳಲ್ಲದೆ ಕ್ಯಾಮೆರಾಕ್ಕೆಂದು ಮೂರನೆಯದೊಂದಿದೆ. ಆಬ್ಜೆಕ್ಟಿವ್‌ಗಳು, ಎಂದರೆ ವಸ್ತುವಿನ ಪಕ್ಕದ ಮಸೂರಗಳು, 10/0.25, 20/0.40, 40/0.65 ಮತ್ತು ಎಣ್ಣೆ ಹಾಕಿ ಬಳಸುವ 100/1.25. ಇಲ್ಲಿ ಮೊದಲ ಅಂಕಿ ವರ್ಧನೆ, ಎರಡನೆಯದು ಬೆಳಕನ್ನು ಎಷ್ಟು ಅಗಲದ ಕೋನದಿಂದ ಹಿಡಿಯುತ್ತದೆ ಎಂಬುದನ್ನು ಹೇಳುವ ಎನ್‌ಎ. ಸೂಕ್ಷ್ಮ ವಿವರ ಕಾಣುವುದು ಎರಡನೆಯ ಅಂಕಿಯಿಂದಲೇ ಹೊರತು ಮೊದಲನೆಯದರಿಂದಲ್ಲ. ಕ್ಯಾಮೆರಾ ಕನ್ನಡಿಯಿಲ್ಲದ ಬಗೆಯದು. ಸೆನ್ಸರ್ ಅಗಲ 23.5 ಮಿ.ಮೀ., ಅಡ್ಡಸಾಲಿನಲ್ಲಿ 6000 ಪಿಕ್ಸೆಲ್.

ಆರಂಭದಲ್ಲಿ ಕಣ್ಣಿನ ಮಸೂರವನ್ನು ತೆಗೆದು ಸೆನ್ಸರ್ ಮೇಲೆ ನೇರವಾಗಿ ಬಿಂಬ ಬೀಳಿಸಿದೆ. ಚೌಕಟ್ಟಿನ ನಡುಭಾಗ ಚೆನ್ನಾಗಿಯೇ ಇತ್ತು. ಅಂಚಿನ ಕಡೆಗೆ ಹೋದಂತೆ ಪ್ರತಿ ಗೆರೆಯ ಒಂದು ಪಕ್ಕ ಕೆಂಪು, ಇನ್ನೊಂದು ಪಕ್ಕ ನೀಲಿ. ಹಳೆಯ ಆಬ್ಜೆಕ್ಟಿವ್‌ಗಳು ಬಿಡುವ ಬಣ್ಣದ ದೋಷವನ್ನು ಅವುಗಳ ಜೋಡಿಯಾದ ಕಣ್ಣಿನ ಮಸೂರವೇ ಸರಿಪಡಿಸಬೇಕೆಂದು ತಯಾರಕರು ಲೆಕ್ಕ ಹಾಕಿರುತ್ತಾರೆ. ಆ ಮಸೂರವನ್ನು ತೆಗೆದರೆ ದೋಷ ಹಾಗೆಯೇ ಉಳಿಯುತ್ತದೆ. ಹಾಗಾಗಿ 10 ಪಟ್ಟಿನ ಕಣ್ಣಿನ ಮಸೂರವನ್ನು ಮತ್ತೆ ಕೂರಿಸಿ, ಅದರ ಮೇಲೆ 40 ಮಿ.ಮೀ. ಲೆನ್ಸ್ ತೊಡಿಸಿದ ಕ್ಯಾಮೆರಾವನ್ನು ಇಟ್ಟೆ. ಈ ಜೋಡಣೆಯಲ್ಲಿ ಆಬ್ಜೆಕ್ಟಿವ್‌ನ ಬಿಂಬ ಇನ್ನೂ 1.6 ಪಟ್ಟು ದೊಡ್ಡದಾಗಿ ಸೆನ್ಸರ್ ಮೇಲೆ ಬೀಳುತ್ತದೆ. ಒಂದು ಮಿ.ಮೀ.ಯನ್ನು ನೂರು ಭಾಗ ಮಾಡಿದ ಅಳತೆ ಸ್ಲೈಡನ್ನು 20ರ ಆಬ್ಜೆಕ್ಟಿವ್‌ನಲ್ಲಿ ತೆಗೆದು ಎಣಿಸಿದಾಗ, ಒಂದು ಪಿಕ್ಸೆಲ್‌ಗೆ 0.123 ಮೈಕ್ರಾನ್ (ಮೈಕ್ರಾನ್ ಎಂದರೆ ಮಿ.ಮೀ.ಯ ಸಾವಿರದಲ್ಲೊಂದು ಭಾಗ) ಬಂತು. 40ರಲ್ಲಿ ಅದರ ಅರ್ಧ. ಮುಂದೆ ಬರುವ ಎಲ್ಲ ಅಳತೆಗಳೂ ಈ ಎಣಿಕೆಯ ಮೇಲೆ ನಿಂತಿವೆ.

1. ಹೆಂಟೆಯನ್ನು ಬಿಡಿಸಿದ್ದು (ದಿನ 1ರಿಂದ 12)

ಮೊದಲ ದಿನ ಮಾಡಿದ್ದು ದೊಡ್ಡ ತಪ್ಪು. 2 ಗ್ರಾಂ ತುಂಡನ್ನು ಪಿಂಗಾಣಿ ಕಲ್ವದಲ್ಲಿ ಹಗುರವಾಗಿಯೇ ಒತ್ತಿ ಪುಡಿ ಮಾಡಿದೆ. ನೀರಿನಲ್ಲಿ ಕದಡಿ ನೋಡಿದರೆ ದೊಡ್ಡ ಚಿಪ್ಪುಗಳಲ್ಲಿ ಒಂದಾದರೂ ಇಡಿಯಾಗಿ ಉಳಿದಿರಲಿಲ್ಲ. ಎಲ್ಲವೂ ಕಮಾನಿನಂಥ ಚೂರುಗಳು.

ಮೂರನೆಯ ದಿನ ಇನ್ನೊಂದು 2 ಗ್ರಾಂ ತುಂಡನ್ನು ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿದೆ. ಹೆಂಟೆ ಬೇಗನೆ ಕರಗಿ ಹಿಟ್ಟಾಯಿತು. ಇನ್ನೂ ಗಂಟುಗಳಿವೆ ಎಂದು ಕುದಿಸುತ್ತಲೇ ಹೋಗಿ 25 ನಿಮಿಷ ಕಳೆದೆ. ಕ್ಷಾರವು ಮಣ್ಣನ್ನು ಬಿಡಿಸುವುದರ ಜೊತೆಗೆ ಸಿಲಿಕಾವನ್ನೂ ಕರಗಿಸುತ್ತದೆ ಎಂದು ಓದಿ ತಿಳಿದಿದ್ದರೂ, ಅದು ಇಷ್ಟು ಬೇಗ ಆಗುತ್ತದೆಂದು ಎಣಿಸಿರಲಿಲ್ಲ. ತೆಳುವಾದ ಚಿಪ್ಪುಗಳ ಅಂಚು ಇಲಿ ತಿಂದಂತೆ ಸವೆದಿತ್ತು, ರಂಧ್ರಗಳು ಅಗಲವಾಗಿ ಒಂದರೊಳಗೊಂದು ಸೇರಿಕೊಂಡಿದ್ದವು. ಆ ಪಾತ್ರೆಯ ಮಣ್ಣಿನಿಂದ ಒಂದೇ ಒಂದು ಚಿತ್ರವನ್ನೂ ಬಳಸಲಿಲ್ಲ.

ಕೊನೆಗೆ ಹಿಡಿದದ್ದು ಸೋಡಿಯಂ ಅಸಿಟೇಟ್‌ನ ಹಳೆಯ ವಿಧಾನ. 1867ರಲ್ಲಿ ಆಲ್ಫ್ರೆಡ್ ನೊಬೆಲ್ ನೈಟ್ರೋಗ್ಲಿಸರಿನ್ ಹೀರಿಸಿ ಡೈನಮೈಟ್ ತಯಾರಿಸಿದ್ದು ಇಂಥದೇ ಮಣ್ಣಿನಲ್ಲಿ. ದ್ರವವನ್ನು ಒಡಲ ತುಂಬ ಹೀರಿಕೊಳ್ಳುವ ಆ ಗುಣವೇ ಇಲ್ಲಿ ನೆರವಿಗೆ ಬರುತ್ತದೆ. ಬೀಕರಿನಲ್ಲಿ ಸೋಡಿಯಂ ಅಸಿಟೇಟ್ ಹರಳುಗಳನ್ನು ಬಿಸಿನೀರಿನ ಸ್ನಾನದಲ್ಲಿಟ್ಟು ಕರಗಿಸಬೇಕು. 58 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಅವು ತಮ್ಮಲ್ಲೇ ಇರುವ ನೀರಿನಲ್ಲಿ ಕರಗುತ್ತವೆ. ಚೆನ್ನಾಗಿ ಒಣಗಿಸಿದ ಹೆಂಟೆಯನ್ನು ಅದರಲ್ಲಿ ಒಂದು ಗಂಟೆ ನೆನೆಸಿ, ತಣಿಸಿ, ಒಂದು ಹರಳನ್ನು ಬೀಜದಂತೆ ಹಾಕಿದರೆ ಸಾಕು, ದ್ರವವೆಲ್ಲ ಕ್ಷಣದಲ್ಲಿ ಬೆಳ್ಳಗೆ ಗಟ್ಟಿಯಾಗುತ್ತದೆ. ಹೆಂಟೆಯ ಒಳಗೂ ಹರಳು ಬೆಳೆದು ಸಂದುಸಂದಿನಲ್ಲಿ ಒತ್ತಿ ಶಿಲೆಯನ್ನು ಸೀಳುತ್ತದೆ. ಕಲ್ವದ ಬಡಿತ ಹೊರಗಿನಿಂದ ಬೀಳುವ ಪೆಟ್ಟು. ಇದು ಒಳಗಿನಿಂದ ಎಲ್ಲ ಕಡೆಗೂ ಸಮನಾಗಿ ಬೀಳುವ ಒತ್ತಡ. ಕರಗಿಸುವುದು, ತಣಿಸುವುದು, ಮತ್ತೆ ಕರಗಿಸುವುದು, ಹೀಗೆ ಆರು ಸುತ್ತು ಮಾಡಿದ ಮೇಲೆ 4 ಗ್ರಾಂ ತುಂಡು ಮೆತ್ತನೆಯ ಕೆಸರಾಯಿತು. ಅದರ ಮೊದಲ ಹನಿಯನ್ನು ನೋಡಿದಾಗಲೇ ಇಡಿಯಾದ ಮೂರು ತ್ರಿಕೋನ ಚಿಪ್ಪುಗಳು ಕಂಡವು. ಆ ದಿನದ ಟಿಪ್ಪಣಿಯಲ್ಲಿ ಅವುಗಳ ರೇಖಾಚಿತ್ರ ಬಿಟ್ಟರೆ ಬೇರೇನೂ ಇಲ್ಲ.

2. ತೊಳೆದದ್ದು (ದಿನ 13ರಿಂದ 24)

ಅಸಿಟೇಟನ್ನು ಬಿಸಿನೀರಿನಲ್ಲಿ ನಾಲ್ಕು ಬಾರಿ ತೊಳೆದು, ಸುಣ್ಣದ ಅಂಶ ಹೋಗಲೆಂದು ಶೇ. 10ರ ಹೈಡ್ರೋಕ್ಲೋರಿಕ್ ಆಮ್ಲವನ್ನು ನೊರೆ ನಿಲ್ಲುವವರೆಗೆ ಹನಿಹನಿಯಾಗಿ ಹಾಕಿದೆ. ಮತ್ತೆ ತೊಳೆದು, ಜೈವಿಕ ಅಂಶ ಹೋಗಲೆಂದು ಶೇ. 30ರ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿ ಬಿಸಿನೀರಿನ ಸ್ನಾನದಲ್ಲಿ ಎರಡು ಗಂಟೆ ಇಟ್ಟೆ. ಎರಡನ್ನೂ ಗಾಳಿಯಾಡುವ ಜಾಗದಲ್ಲಿ, ಕೈಗವಸು ಮತ್ತು ಕನ್ನಡಕ ಹಾಕಿಕೊಂಡೇ ಮಾಡಬೇಕು. ಪೆರಾಕ್ಸೈಡ್‌ನ ಒಂದು ಹನಿ ಕೈಗವಸಿನ ಮೇಲಂಚಿನಲ್ಲಿ ಚರ್ಮಕ್ಕೆ ತಾಗಿ ಆ ಜಾಗ ಬೆಳ್ಳಗಾಗಿ ಒಂದು ದಿನ ಉರಿಯಿತು. ಅಂದಿನಿಂದ ಕೈಗವಸಿನ ತುದಿಯನ್ನು ಹೊರಕ್ಕೆ ಮಡಚಿಕೊಳ್ಳುತ್ತೇನೆ. ಹನಿ ಜಾರಿದರೂ ಮಡಿಕೆಯಲ್ಲೇ ನಿಲ್ಲುತ್ತದೆ.

ಇದಾದ ಮೇಲೆ ಉಳಿಯುವುದು ಜೇಡಿಮಣ್ಣು ಮತ್ತು ಮರಳು. ಭಟ್ಟಿ ಇಳಿಸಿದ ನೀರಿಗೆ ಕೆಲವು ಹನಿ ಅಮೋನಿಯಾ ಸೇರಿಸಿದರೆ ಜೇಡಿಯ ಕಣಗಳು ಗುಂಪುಗೂಡದೆ ನೀರಿನಲ್ಲಿ ತೇಲುತ್ತವೆ. 6 ಸೆಂ.ಮೀ. ಆಳದ ಬೀಕರಿನಲ್ಲಿ ಕದಡಿ, ಅರ್ಧ ಗಂಟೆ ಬಿಟ್ಟು, ಮೇಲಿನ ಕದಡು ನೀರನ್ನು ಬಸಿಯುವುದು. ಬಸಿದ ನೀರು ತಿಳಿಯಾಗುವವರೆಗೆ ಇದನ್ನೇ ಮಾಡುವುದು. ಹದಿನಾಲ್ಕು ಬಾರಿ ಬಸಿಯಬೇಕಾಯಿತು. ಮೊದಲ ಐದು ಬಾರಿಯ ನೀರನ್ನು ನೋಡದೆಯೇ ಚೆಲ್ಲಿದೆ. ಆರನೆಯ ಬಾರಿ ಅನುಮಾನ ಬಂದು ಒಂದು ಹನಿಯನ್ನು ಸ್ಲೈಡಿಗೆ ಹಾಕಿ ನೋಡಿದರೆ, ಮೂವತ್ತು ಮೈಕ್ರಾನ್‌ಗಿಂತ ಚಿಕ್ಕ ಜಾತಿಗಳೆಲ್ಲ ಅದರಲ್ಲೇ ಇದ್ದವು. ಅಲ್ಲಿಯವರೆಗೆ ಕೈಬಿಟ್ಟುಹೋದವು ಹೋದವೇ. ಈಗ ಬಸಿದ ನೀರನ್ನು ಬೇರೊಂದು ಪಾತ್ರೆಯಲ್ಲಿಟ್ಟು, ಒಂದು ಸೆಂ.ಮೀ. ಆಳಕ್ಕೆ ಒಂದು ಗಂಟೆಯ ಲೆಕ್ಕದಲ್ಲಿ ಕೂರಲು ಬಿಟ್ಟು, ಗಸಿಯನ್ನು ಪರೀಕ್ಷಿಸದೆ ಏನನ್ನೂ ಚೆಲ್ಲುವುದಿಲ್ಲ.

ಮರಳನ್ನು ಬೇರ್ಪಡಿಸಲು ತಗ್ಗಾದ ಗಾಜಿನ ಬಟ್ಟಲಲ್ಲಿ ಗಸಿಯನ್ನು ಹಾಕಿ ವೃತ್ತಾಕಾರವಾಗಿ ನಿಧಾನಕ್ಕೆ ಆಡಿಸಬೇಕು. ಭಾರದ ಮರಳು ನಡುವೆ ಗುಡ್ಡೆಯಾಗುತ್ತದೆ, ಚಿಪ್ಪುಗಳು ಇನ್ನೂ ತೇಲುತ್ತಿರುವಾಗಲೇ ಹನಿಗೊಳವೆಯಿಂದ ಹೀರಿಕೊಳ್ಳಬಹುದು. ಅಕ್ಕಿಯಿಂದ ಕಲ್ಲು ಗಾಳಿಸುವವರ ಕೈಚಳಕವೇ ಇಲ್ಲಿಯೂ ಬೇಕು. ಎರಡು ದಿನದ ಅಭ್ಯಾಸದ ನಂತರ ನನಗೆ ಹತೋಟಿ ಸಿಕ್ಕಿತು. ಓಮರು ಮಣ್ಣಿನಲ್ಲಿ ಸ್ಪಂಜಿನ ಸೂಜಿಗಳೂ ರೇಡಿಯೋಲೇರಿಯನ್ ಎಂಬ ಏಕಕೋಶ ಜೀವಿಗಳ ಗೂಡುಗಳೂ ಇವೆ. ಅವೂ ಸಿಲಿಕಾದವೇ ಆದ್ದರಿಂದ ಆಮ್ಲಕ್ಕಾಗಲಿ ಗಾಳಿಸುವಿಕೆಗಾಗಲಿ ಪೂರ್ತಿ ಬಗ್ಗುವುದಿಲ್ಲ.

3. ಸ್ಲೈಡ್ ಕಟ್ಟಿದ್ದು (ದಿನ 25ರಿಂದ 38)

ಮೊದಲ ಸ್ಲೈಡನ್ನು ಕೆನಡಾ ಬಾಲ್ಸಮ್ ಎಂಬ ಮರದ ರಾಳದಲ್ಲಿ ಕಟ್ಟಿದೆ. ಒಣಗಿದ ಮೇಲೆ ನೋಡಿದರೆ ಚಿಪ್ಪುಗಳು ನೀರಿನಲ್ಲಿ ಮುಳುಗಿದ ಗಾಜಿನ ಚೂರಿನಂತೆ ಮಸುಕು. ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಎಂಬುದನ್ನು ಹೇಳುವ ವಕ್ರೀಭವನ ಸೂಚ್ಯಂಕ ಡಯಾಟಮ್ ಸಿಲಿಕಾಕ್ಕೆ ಸುಮಾರು 1.43, ಬಾಲ್ಸಮ್‌ನದು ಸುಮಾರು 1.53, ಅಂತರ ಕಡಿಮೆಯಾದಷ್ಟೂ ಚಿಪ್ಪು ಕಣ್ಣಿಗೆ ಕಾಣದಾಗುತ್ತದೆ. ಡಯಾಟಮ್‌ಗಳಿಗೆಂದೇ ತಯಾರಾಗುವ ನಾಫ್ರಾಕ್ಸ್ ಎಂಬ ರಾಳದ ಸೂಚ್ಯಂಕ ಒಣಗಿದಾಗ 1.7ನ್ನು ದಾಟುತ್ತದೆ. ಅದೇ ಪಾತ್ರೆಯ ಚಿಪ್ಪುಗಳನ್ನು ಅದರಲ್ಲಿ ಕಟ್ಟಿದಾಗ ಗೆರೆಗಳು ಮಸಿಯಲ್ಲಿ ಬರೆದಂತೆ ಎದ್ದು ಬಂದವು.

ಎರಡನೆಯ ತಪ್ಪು ಇನ್ನೂ ಸೂಕ್ಷ್ಮವಾದದ್ದು, ಹತ್ತು ದಿನ ನನ್ನನ್ನು ದಾರಿ ತಪ್ಪಿಸಿದ್ದು. ಚಿಪ್ಪುಗಳಿದ್ದ ನೀರನ್ನು ಸ್ಲೈಡಿನ ಮೇಲೆ ಒಣಗಿಸಿ, ಅದರ ಮೇಲೆ ರಾಳ, ಅದರ ಮೇಲೆ ಕವರ್ ಸ್ಲಿಪ್ ಎಂಬ ತೆಳು ಗಾಜು ಇಟ್ಟಿದ್ದೆ. 10ರಲ್ಲಿ ಚಿತ್ರ ಚೆನ್ನ, 40ರಲ್ಲಿ ಎಷ್ಟೇ ತಿರುಗಿಸಿದರೂ ಹಾಲಿನ ಪೊರೆ ಕಟ್ಟಿದಂತೆ ಮಬ್ಬು. ಆಬ್ಜೆಕ್ಟಿವ್ ಹಾಳಾಗಿದೆಯೆಂದು ಅದನ್ನು ಮೂರು ಬಾರಿ ಒರೆಸಿದೆ. ದೋಷವಿದ್ದದ್ದು ರಾಳದ ದಪ್ಪದಲ್ಲಿ. 40/0.65 ಆಬ್ಜೆಕ್ಟಿವ್ 0.17 ಮಿ.ಮೀ. ಗಾಜಿನ ಕೆಳಗೆ ಅಂಟಿಕೊಂಡ ವಸ್ತುವಿಗಾಗಿ ಲೆಕ್ಕ ಹಾಕಿ ಮಾಡಿದ್ದು. ನನ್ನ ಚಿಪ್ಪುಗಳು ಗಾಜಿನ ಕೆಳಗೆ ಇನ್ನೂ ದಪ್ಪನೆಯ ರಾಳದ ಪದರವನ್ನು ದಾಟಿ ತಳದಲ್ಲಿ ಕೂತಿದ್ದವು. ಆದ್ದರಿಂದ ಚಿಪ್ಪುಗಳನ್ನು ಕವರ್ ಸ್ಲಿಪ್ಪಿನ ಮೇಲೆಯೇ ಒಣಗಿಸಿ, ಅದನ್ನು ಮಗುಚಿ ರಾಳದ ಮೇಲೆ ಇಡಬೇಕು. ಹೀಗೆ ಕಟ್ಟಿದ ಮೊದಲ ಸ್ಲೈಡಿನಲ್ಲೇ ಅದೇ 40ರ ಆಬ್ಜೆಕ್ಟಿವ್ ಹೊಸದಾದಂತೆ ಕಂಡಿತು.

ರಾಳದಲ್ಲಿರುವ ಟಾಲ್ವಿನ್ ಎಂಬ ದ್ರಾವಕ ಹೋಗಲು ಸ್ಲೈಡನ್ನು ಬಿಸಿ ತಟ್ಟೆಯ ಮೇಲೆ ಇಡಬೇಕು. ಉರಿ ಹೆಚ್ಚಿಸಿ ಬೇಗ ಮುಗಿಸಲು ಹೋದ ನಾಲ್ಕು ಸ್ಲೈಡುಗಳಲ್ಲಿ ಗುಳ್ಳೆಗಳು ಎದ್ದು ಚಿಪ್ಪುಗಳನ್ನು ಅಂಚಿಗೆ ನೂಕಿದವು. ಗುಳ್ಳೆ ಸಣ್ಣಗೆ ಏಳಲು ತೊಡಗಿದ ಕೂಡಲೇ ತಟ್ಟೆಯಿಂದ ತೆಗೆದು, ತಣಿಸಿ, ಮತ್ತೆ ಇಡುವುದೇ ಸರಿಯಾದ ಕ್ರಮ. ಟಾಲ್ವಿನ್ ಆವಿ ವಿಷಕಾರಿಯಾದ್ದರಿಂದ ಈ ಕೆಲಸ ಕಿಟಕಿ ತೆರೆದಿಟ್ಟೇ ಆಗಬೇಕು.

ಚಿಪ್ಪನ್ನು ಒಂದೊಂದಾಗಿ ಆರಿಸಿ ಇಡುವುದು ಬೇರೆಯೇ ಕೆಲಸ. ಜರ್ಮನಿಯ ವೇಡೆಲ್ ಪಟ್ಟಣದ ಯೋಹಾನ್ ಡೀಟ್ರಿಚ್ ಮೊಲ್ಲರ್ ಹತ್ತೊಂಬತ್ತನೇ ಶತಮಾನದಲ್ಲಿ ನೂರಾರು ಡಯಾಟಮ್‌ಗಳನ್ನು ಒಂದೇ ಸ್ಲೈಡಿನ ಮೇಲೆ ಸಾಲಾಗಿ ಜೋಡಿಸುತ್ತಿದ್ದರು. ಒಂದು ಚಿಪ್ಪನ್ನು ಎತ್ತಿ ಇನ್ನೊಂದೆಡೆ ಇಡಲು ಪ್ರಯತ್ನಿಸಿದ ಮೇಲೆಯೇ ಆ ಸಾಧನೆಯ ನಿಜವಾದ ಅಳತೆ ನನಗೆ ತಿಳಿದದ್ದು. ಹಲ್ಲುಕಡ್ಡಿಯ ತುದಿಗೆ ಅಂಟಿಸಿದ ಒಂದು ರೆಪ್ಪೆಗೂದಲು ನನ್ನ ಉಪಕರಣ. 10ರ ಆಬ್ಜೆಕ್ಟಿವ್ ಕೆಳಗೆ, ಎಲ್ಲವೂ ತಲೆಕೆಳಗಾಗಿ ಕಾಣುವ ನೋಟದಲ್ಲಿ, ಕೂದಲನ್ನು ಚಿಪ್ಪಿನ ಅಂಚಿಗೆ ತಾಗಿಸಿದರೆ ಅದು ಅಂಟಿಕೊಂಡು ಬರುತ್ತದೆ. ಒಣ ಹವೆಯಲ್ಲಿ ಸ್ಥಿರ ವಿದ್ಯುತ್ತಿನಿಂದ ಚಿಮ್ಮಿ ಕಾಣೆಯಾಗುತ್ತದೆ. ಇಡುವ ಗಾಜಿಗೆ ಮೊದಲೇ ಜೆಲಟಿನ್‌ನ ತೆಳು ಲೇಪ ಒಣಗಿಸಿಟ್ಟು, ಚಿಪ್ಪನ್ನು ಕೂರಿಸಿದ ಮೇಲೆ ಹಗುರವಾಗಿ ಉಸಿರು ಬಿಟ್ಟರೆ ಲೇಪ ಕ್ಷಣಕಾಲ ತೇವಗೊಂಡು ಅದನ್ನು ಹಿಡಿದುಕೊಳ್ಳುತ್ತದೆ. ಎತ್ತಿದ ಇಪ್ಪತ್ತಾರರಲ್ಲಿ ಏಳು ಮಾತ್ರ ಗುರಿ ಮುಟ್ಟಿದವು.

4. ಬೆಳಕು ಮತ್ತು ಅದುರು (ದಿನ 39ರಿಂದ 46)

ಕ್ಯಾಮೆರಾದ ಷಟರ್ ಬಡಿದಾಗ ಉಂಟಾಗುವ ಅದುರು 40ರ ಆಬ್ಜೆಕ್ಟಿವ್‌ನಲ್ಲಿ ಸಣ್ಣ ರಂಧ್ರಗಳನ್ನು ಒಂದೇ ದಿಕ್ಕಿಗೆ ಎಳೆದಂತೆ ಅಂಡಾಕಾರ ಮಾಡುತ್ತಿತ್ತು. ಅದನ್ನು ತಪ್ಪಿಸಲು ಪೂರ್ತಿ ಎಲೆಕ್ಟ್ರಾನಿಕ್ ಷಟರಿಗೆ ಬದಲಾಯಿಸಿದೆ. ಅದುರು ಹೋಯಿತು, ಚಿತ್ರದ ಅಡ್ಡಕ್ಕೆ ಕಪ್ಪು ಪಟ್ಟಿಗಳು ಬಂದವು. ಹಳೆಯ ಹ್ಯಾಲೊಜನ್ ಬಲ್ಬಿನ ಜಾಗದಲ್ಲಿ ನಾನೇ ಕೂರಿಸಿದ್ದ 3 ವ್ಯಾಟ್ ಎಲ್‌ಇಡಿಯ ಬೆಳಕು ತಗ್ಗಿಸುವ ಸಲಕರಣೆಯು ಬೆಳಕನ್ನು ನಿಜವಾಗಿ ತಗ್ಗಿಸುತ್ತಿರಲಿಲ್ಲ, ವೇಗವಾಗಿ ಆರಿಸಿ ಹೊತ್ತಿಸುತ್ತಿತ್ತು. ಕಣ್ಣಿಗೆ ಅದು ತಿಳಿಯದು. ಸಾಲುಸಾಲಾಗಿ ಓದುವ ಸೆನ್ಸರಿಗೆ ತಿಳಿಯುತ್ತದೆ. ಅದನ್ನು ಕಿತ್ತು, ಸ್ಥಿರ ವಿದ್ಯುತ್ ಪ್ರವಾಹ ಕೊಡುವ ಚಾಲಕವನ್ನು ಹಾಕಿ, ಬೆಳಕು ಹೆಚ್ಚಾದಾಗ ಬೂದು ಗಾಜಿನ ಫಿಲ್ಟರ್ ಇಟ್ಟುಕೊಂಡೆ. ಪಟ್ಟಿಗಳು ಮತ್ತೆ ಬರಲಿಲ್ಲ.

ಎಲ್‌ಇಡಿಯಲ್ಲಿ ಬೆಳಕು ಹೊಮ್ಮುವ ಭಾಗವು ಹಳೆಯ ಬಲ್ಬಿನ ತಂತಿ ಇದ್ದ ಎತ್ತರದಲ್ಲೇ ಇರಬೇಕು. ನನ್ನದು 4 ಮಿ.ಮೀ. ಕೆಳಗಿದ್ದು, ಅಗಸ್ಟ್ ಕೋಲರ್ 1893ರಲ್ಲಿ ವಿವರಿಸಿದ ಬೆಳಕಿನ ಹೊಂದಾಣಿಕೆಗೆ ಅದು ಬಗ್ಗಲೇ ಇಲ್ಲ. ಅಲ್ಯೂಮಿನಿಯಂ ಬಿಲ್ಲೆಯೊಂದನ್ನು ಕೆಳಗೆ ಇಟ್ಟು ಎತ್ತರಿಸಿದ ಮೇಲೆ ಕ್ಷೇತ್ರವೆಲ್ಲ ಸಮನಾಗಿ ಬೆಳಗಿತು. ಕಪ್ಪು ಬಿಳುಪಿನ ಚಿತ್ರಗಳಿಗೆ ಹಸಿರು ಫಿಲ್ಟರ್ ಬಳಸುತ್ತೇನೆ. ಸಾಮಾನ್ಯ ಆಬ್ಜೆಕ್ಟಿವ್‌ಗಳು ಅತಿ ಚೊಕ್ಕವಾಗಿ ಕೆಲಸ ಮಾಡುವುದು ಆ ಬಣ್ಣದಲ್ಲಿ.

5. ಫೋಕಸ್ ತಿರುಗಿಸುವ ಮೋಟಾರ್ (ದಿನ 47ರಿಂದ 55)

40/0.65ರಲ್ಲಿ ಒಂದು ಬಾರಿಗೆ ಸ್ಪಷ್ಟವಾಗಿ ಕಾಣುವ ಆಳ ಒಂದೂವರೆ ಮೈಕ್ರಾನಿಗೂ ಕಡಿಮೆ. ಚಿಪ್ಪುಗಳು ಚಪ್ಪಟೆಯಲ್ಲ, ಆದ್ದರಿಂದ ಬೇರೆಬೇರೆ ಮಟ್ಟಗಳಲ್ಲಿ ಹಲವು ಚಿತ್ರ ತೆಗೆದು ಸ್ಪಷ್ಟ ಭಾಗಗಳನ್ನು ತಂತ್ರಾಂಶದಲ್ಲಿ ಒಂದುಗೂಡಿಸಬೇಕು. ಸೂಕ್ಷ್ಮ ಫೋಕಸ್ ಗುಬುಟು ಒಂದು ಸುತ್ತು ತಿರುಗಿದರೆ ಸೂಕ್ಷ್ಮದರ್ಶಕದಲ್ಲಿ ಸ್ಲೈಡ್ ಇಡುವ ಮೇಜು 200 ಮೈಕ್ರಾನ್ ಸರಿಯುತ್ತದೆ. ಒಂದು ಸುತ್ತಿಗೆ 2048 ಹೆಜ್ಜೆ ಇಡುವ 28ಬಿವೈಜೆ-48 ಎಂಬ ಪುಟ್ಟ ಮೋಟಾರನ್ನು ಅದಕ್ಕೆ ಜೋಡಿಸಿದರೆ ಹೆಜ್ಜೆಗೆ ಸುಮಾರು 0.1 ಮೈಕ್ರಾನ್.

ಮೊದಲು ಲೋಹದ ಗಟ್ಟಿ ಜೋಡಣೆಯಿಂದ ಮೋಟಾರನ್ನು ಗುಬುಟಿಗೆ ಬಿಗಿದೆ. ಎರಡರ ಅಕ್ಷ ಕೂದಲೆಳೆಯಷ್ಟು ಹೊಂದದೆ ಪ್ರತಿ ಸುತ್ತಿಗೂ ಸೂಕ್ಷ್ಮದರ್ಶಕವೇ ತೂಗಾಡಿತು. ಬಳಿಕ ರಬ್ಬರ್ ನಳಿಗೆ ಹಾಕಿದೆ. ಅದು ಹುರಿಗೊಂಡು ಕೆಲವು ಹೆಜ್ಜೆಗಳನ್ನು ನುಂಗಿ ಒಮ್ಮೆಲೇ ಬಿಡುತ್ತಿತ್ತು. ಮೂರನೆಯ ಬಾರಿ, ಹಲ್ಲುಗಳಿರುವ ಬೆಲ್ಟ್ ಮತ್ತು ಸಮಾನ ಗಾತ್ರದ ಎರಡು ಗಾಲಿಗಳನ್ನು ಹಾಕಿ ಮೋಟಾರನ್ನು ಪಕ್ಕದ ಬೇರೊಂದು ಹಲಗೆಗೆ ಬಿಗಿದದ್ದು ನಿಂತಿತು. ಗೇರುಗಳ ಸಡಿಲು 60 ಹೆಜ್ಜೆಯಷ್ಟಿದೆ. ಅದನ್ನು ಕಳೆಯಲು ಮೇಜನ್ನು ಆರಂಭದ ಮಟ್ಟಕ್ಕಿಂತ 100 ಹೆಜ್ಜೆ ಕೆಳಗಿಳಿಸಿ, ಅಲ್ಲಿಂದ ಯಾವಾಗಲೂ ಮೇಲಕ್ಕೇ ಬರುತ್ತೇನೆ. ಪ್ರತಿ ಹೆಜ್ಜೆಯ ನಂತರ ನಾಲ್ಕು ಸೆಕೆಂಡು ಬಿಡುವು.

ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಮೇಜು 2 ಮೈಕ್ರಾನ್ ಸರಿದರೆ ರಾಳದೊಳಗೆ ಫೋಕಸ್ ಸರಿಯುವುದು ಅದರ ಸುಮಾರು 1.7 ಪಟ್ಟು. ಚಿಪ್ಪಿನ ಎತ್ತರವನ್ನು ಗುಬುಟಿನ ಗುರುತಿನಿಂದ ಓದುವವರು ಇದನ್ನು ಗುಣಿಸಿಕೊಳ್ಳಬೇಕು. ನನ್ನ ಮೊದಲ ಹತ್ತು ಅಳತೆಗಳು ಈ ಕಾರಣಕ್ಕೆ ತಪ್ಪಾಗಿದ್ದವು.

6. ಇಲ್ಲದ ರಂಧ್ರಗಳು (ದಿನ 56ರಿಂದ 68)

ಈ ಬರಹವನ್ನು ಬರೆಯಲು ಮುಖ್ಯ ಕಾರಣ ಈ ಹಂತ.

85 ಮೈಕ್ರಾನ್ ವ್ಯಾಸದ ಕೊಸಿನೋಡಿಸ್ಕಸ್ ಚಿಪ್ಪೊಂದು ದುಂಡಗಿನ ತಟ್ಟೆಯಂತಿದ್ದು, ಮೈತುಂಬ ಜೇನುಗೂಡಿನಂಥ ಕೋಶಗಳಿವೆ. ಅದನ್ನು 40ರಲ್ಲಿ, ಹೆಜ್ಜೆಗೆ ಅರ್ಧ ಮೈಕ್ರಾನ್‌ನಂತೆ 46 ಚಿತ್ರ ತೆಗೆದು ಒಂದುಗೂಡಿಸಿದೆ. ಎರಡೂ ತುದಿಗಳಲ್ಲಿ ಏನೂ ತಪ್ಪಿಹೋಗಬಾರದೆಂದು ಚಿಪ್ಪಿನ ಮೇಲೆ 8 ಮೈಕ್ರಾನ್, ಕೆಳಗೆ 8 ಮೈಕ್ರಾನ್ ಹೆಚ್ಚುವರಿಯಾಗಿ ಸೇರಿಸಿದ್ದೆ. ಬಂದ ಚಿತ್ರ ಅತ್ಯಂತ ಹರಿತವಾಗಿತ್ತು. ಅಲ್ಲಿಯವರೆಗಿನ ಎಲ್ಲಕ್ಕಿಂತ ಚೆನ್ನಾಗಿದೆಯೆಂದು ಮುದ್ರಿಸಿ ಗೋಡೆಗೆ ಅಂಟಿಸಿದೆ.

ಎರಡು ದಿನದ ನಂತರ ಅಳತೆ ಬರೆಯಲು ಕೂತಾಗ ಎಣಿಕೆ ಹೊಂದಲಿಲ್ಲ. ಮುದ್ರಿತ ಚಿತ್ರದಲ್ಲಿ 10 ಮೈಕ್ರಾನ್ ಉದ್ದಕ್ಕೆ 12 ಚುಕ್ಕಿಗಳು. ಸ್ಲೈಡನ್ನು ಮತ್ತೆ ಮೇಜಿಗೇರಿಸಿ, ಕಣ್ಣಿನ ಮಸೂರದ ಗೆರೆಪಟ್ಟಿಯಿಂದ ನೇರವಾಗಿ ಎಣಿಸಿದರೆ 6. ಮೂರು ಬಾರಿ, ಮೂರು ಬೇರೆ ಜಾಗಗಳಲ್ಲಿ ಎಣಿಸಿದೆ; ಆರೇ. ಪ್ರತಿ ಎರಡು ಕೋಶಗಳ ನಡುವೆ ಇಲ್ಲದೊಂದು ಚುಕ್ಕಿಯನ್ನು ನಾನೇ ಹುಟ್ಟಿಸಿದ್ದೆ.

46 ಬಿಡಿ ಚಿತ್ರಗಳನ್ನು ಒಂದೊಂದಾಗಿ ತೆರೆದು ನೋಡಿದೆ. 24ನೇ ಚಿತ್ರದ ಆಸುಪಾಸಿನಲ್ಲಿ ಕೋಶಗಳು ಬಿಳಿ ಚುಕ್ಕಿಗಳಾಗಿ, ಅವುಗಳ ಗೋಡೆಗಳು ಕಪ್ಪು ಗೆರೆಗಳಾಗಿ ಕಾಣುತ್ತವೆ. ಕೆಲವು ಹೆಜ್ಜೆ ಮುಂದೆ ಹೋದರೆ ಚಿಪ್ಪು ಫೋಕಸ್‌ನಿಂದ ಹೊರಗೆ ಹೋಗಿದೆ. ಆದರೂ ಚಿತ್ರ ಮಸುಕಾಗುವ ಬದಲು ಇಮ್ಮಡಿ ಚುಕ್ಕಿಗಳ ಇನ್ನೊಂದು ನೇಯ್ಗೆ ಸ್ಪಷ್ಟವಾಗಿ ಮೂಡುತ್ತದೆ. ಇನ್ನೂ ಮುಂದೆ ಹೋದರೆ ಬಿಳಿ ಇದ್ದಲ್ಲಿ ಕಪ್ಪು, ಕಪ್ಪು ಇದ್ದಲ್ಲಿ ಬಿಳಿ. ಸಮಾನ ಅಂತರದಲ್ಲಿ ರಂಧ್ರಗಳಿರುವ ವಸ್ತುವಿನ ಮೂಲಕ ಹಾದ ಬೆಳಕು ಹೀಗೆ ದೂರದೂರದಲ್ಲಿ ತನ್ನದೇ ಬಿಂಬಗಳನ್ನು ಮತ್ತೆ ಮತ್ತೆ ಕಟ್ಟುತ್ತದೆ. ಇದನ್ನು ಹೆನ್ರಿ ಫಾಕ್ಸ್ ಟಾಲ್ಬಟ್ 1836ರಲ್ಲೇ ಗುರುತಿಸಿದ್ದರು. ಒಂದುಗೂಡಿಸುವ ತಂತ್ರಾಂಶಕ್ಕೆ ಚಿಪ್ಪು ಎಲ್ಲಿದೆ ಎಂಬುದು ತಿಳಿಯದು. ಎಲ್ಲಿ ಕಪ್ಪು ಬಿಳುಪಿನ ವ್ಯತ್ಯಾಸ ಹೆಚ್ಚೋ ಅದನ್ನೇ ನಿಜವೆಂದು ಎತ್ತಿಕೊಳ್ಳುತ್ತದೆ. ಚಿಪ್ಪಿನ ಆಚೆಗಿನ 16 ಮೈಕ್ರಾನ್‌ಗಳ ಚಿತ್ರಗಳನ್ನು ಅದಕ್ಕೆ ಉಣಿಸಿದ್ದು ನಾನು.

ದೋಷ ಇಷ್ಟು ಬಲವಾಗಲು ಇನ್ನೊಂದು ಕಾರಣ, ಸ್ಲೈಡಿನ ಕೆಳಗೆ ಬೆಳಕನ್ನು ಒಟ್ಟುಗೂಡಿಸುವ ಮಸೂರವಾದ ಕಂಡೆನ್ಸರ್‌ನ ಕಿಂಡಿ. ಗೆರೆಗಳು ಗಾಢವಾಗಿ ಕಾಣಲೆಂದು ಅದನ್ನು ಬಹಳವಾಗಿ ಮುಚ್ಚುವ ಚಾಳಿ ನನಗಿತ್ತು. ಕಣ್ಣಿನ ಮಸೂರವನ್ನು ತೆಗೆದು ಕೊಳವೆಯೊಳಗೆ ಇಣುಕಿದಾಗ ಆಬ್ಜೆಕ್ಟಿವ್‌ನ ಹಿಂಬದಿಯ ವೃತ್ತದಲ್ಲಿ ಕಾಲು ಭಾಗದಷ್ಟು ಅಗಲ ಮಾತ್ರ ಬೆಳಗಿತ್ತು. ಕಿಂಡಿ ಕಿರಿದಾದಷ್ಟೂ ಈ ಸುಳ್ಳು ಬಿಂಬಗಳು ಗಟ್ಟಿಯಾಗುತ್ತವೆ, ನಿಜವಾದ ಸೂಕ್ಷ್ಮ ವಿವರ ಕಳೆದುಹೋಗುತ್ತದೆ.

ವೃತ್ತದ ಮುಕ್ಕಾಲು ಅಗಲ ಬೆಳಗುವಂತೆ ಕಿಂಡಿಯನ್ನು ತೆರೆದೆ. ಚಿಪ್ಪಿನ ಅಂಚು ಸ್ಪಷ್ಟವಾಗುವ ಮೊದಲ ಮಟ್ಟವನ್ನೂ ಕೊನೆಯ ಮಟ್ಟವನ್ನೂ ಕಣ್ಣಿನಿಂದಲೇ ಗುರುತಿಸಿ, ಅವೆರಡರ ನಡುವಿನ 6 ಮೈಕ್ರಾನ್‌ಗಳಲ್ಲಿ 13 ಚಿತ್ರ ಮಾತ್ರ ತೆಗೆದೆ. ಚುಕ್ಕಿಗಳು ಬಣ್ಣ ತಿರುಗಿಸಿಕೊಂಡಿದ್ದ ಎರಡನ್ನು ಕೈಯಾರೆ ತೆಗೆದುಹಾಕಿ ಉಳಿದ 11ನ್ನು ಒಂದುಗೂಡಿಸಿದೆ. ಚಿತ್ರ ಮೊದಲಿನಷ್ಟು ಹರಿತವಾಗಿ ಕಾಣಲಿಲ್ಲ. ಎಣಿಸಿದರೆ 10 ಮೈಕ್ರಾನ್‌ಗೆ 6.

ಕೊಸಿನೋಡಿಸ್ಕಸ್‌ನಲ್ಲಿ ಇನ್ನೊಂದು ತೊಡಕಿದೆ. ಅದರ ಪ್ರತಿ ಕೋಶದ ಹೊರಮುಖದಲ್ಲಿ ಸಣ್ಣ ಜರಡಿಯಂಥ ಪೊರೆ, ಒಳಮುಖದಲ್ಲಿ ಒಂದು ದುಂಡು ರಂಧ್ರ ಇರುತ್ತದೆ. ಎರಡೂ ನಿಜವೇ, ಆದರೆ ಎರಡನ್ನೂ ಒಂದೇ ಚಿತ್ರಕ್ಕೆ ಸೇರಿಸಿದರೆ ಎಲ್ಲಿಯೂ ಇಲ್ಲದ ಮೂರನೆಯ ರಚನೆಯಾಗುತ್ತದೆ. ಈಗ ಹೊರಮುಖಕ್ಕೊಂದು, ಒಳಮುಖಕ್ಕೊಂದು ಎಂದು ಎರಡು ಬೇರೆ ಚಿತ್ರ ಮಾಡಿ, ಪ್ರತಿಯೊಂದರ ಕೆಳಗೆ ಯಾವ ಮುಖ, ಎಷ್ಟು ಚಿತ್ರಗಳಿಂದ, ಕಿಂಡಿ ಎಷ್ಟು ತೆರೆದಿತ್ತು, ಕಣ್ಣಿನಲ್ಲಿ ಎಣಿಸಿದ ಸಂಖ್ಯೆ ಎಷ್ಟು ಎಂಬ ನಾಲ್ಕನ್ನೂ ಬರೆಯುತ್ತೇನೆ. ಇದಕ್ಕೂ ಮೊದಲು ಸಿದ್ಧಪಡಿಸಿದ್ದ 31 ಚಿತ್ರಗಳನ್ನು ಹೀಗೆ ಎಣಿಸಿ ನೋಡಿದಾಗ ಉಳಿದವು ನಾಲ್ಕು. ಗೋಡೆಯ ಮೇಲಿನದನ್ನು ತೆಗೆದು, ಹಿಂಬದಿಯಲ್ಲಿ ‘12 ಅಲ್ಲ, 6’ ಎಂದು ಬರೆದು ದಿನಚರಿಯೊಳಗೆ ಇಟ್ಟಿದ್ದೇನೆ.

7. ಕಪ್ಪು ಹಿನ್ನೆಲೆ (ದಿನ 69ರಿಂದ 75)

ಅರಾಕ್ನಾಯ್ಡಿಸ್ಕಸ್ ಎಂಬುದು ಜೇಡರ ಬಲೆಯನ್ನು ನೆನಪಿಸುವ ದೊಡ್ಡ ದುಂಡು ಚಿಪ್ಪು. ನನ್ನದು 212 ಮೈಕ್ರಾನ್. ಇದಕ್ಕೆ 20/0.40 ಆಬ್ಜೆಕ್ಟಿವ್ ಸಾಕು. ಕಂಡೆನ್ಸರ್ ಕೆಳಗಿನ ಫಿಲ್ಟರ್ ಜಾಗದಲ್ಲಿ ನಡುವೆ ಅಪಾರದರ್ಶಕ ಬಿಲ್ಲೆ ಇಟ್ಟರೆ ನೇರ ಬೆಳಕು ತಡೆದು, ಚಿಪ್ಪು ಚದುರಿಸಿದ ಬೆಳಕು ಮಾತ್ರ ಮೇಲೆ ಬರುತ್ತದೆ. ಕಪ್ಪು ಕಾಗದದಲ್ಲಿ ಕತ್ತರಿಸಿದ 14 ಮಿ.ಮೀ. ಬಿಲ್ಲೆ ಚಿಕ್ಕದಾಯಿತು, 17 ಮಿ.ಮೀ. ಗಾತ್ರ ಸರಿಯಿದ್ದರೂ ಹಿನ್ನೆಲೆ ಬೂದು ಬಣ್ಣದಲ್ಲೇ ಉಳಿಯಿತು. ಆ ಕಾಗದದ ಮೂಲಕವೇ ಎಲ್‌ಇಡಿಯ ಬೆಳಕು ಸೋರುತ್ತಿತ್ತು. ತಾಮ್ರದ ತಗಡಿನಲ್ಲಿ ಅದೇ ಅಳತೆಯ ಬಿಲ್ಲೆ ಕತ್ತರಿಸಿ ಕಪ್ಪು ಬಣ್ಣ ಬಳಿದ ಮೇಲೆ ಹಿನ್ನೆಲೆ ಅಮಾವಾಸ್ಯೆಯ ಕಪ್ಪಾಯಿತು.

ಈ ಬೆಳಕಿನಲ್ಲಿ ಸ್ಲೈಡಿನ ಮೇಲಿನ ಪ್ರತಿ ಧೂಳಿನ ಕಣವೂ ನಕ್ಷತ್ರದಂತೆ ಹೊಳೆಯುತ್ತದೆ. ಒಂದು ಗಂಟೆ ಒರೆಸುವುದರಲ್ಲೇ ಹೋಯಿತು. ಚಿತ್ರಕ್ಕೆ ಒಂದೂವರೆ ಸೆಕೆಂಡು ತೆರೆದಿಡಬೇಕಾದ್ದರಿಂದ ಕೋಣೆಯಲ್ಲಿ ನಡೆದಾಡಿದ ಅದುರೂ ಮೂಡುತ್ತಿತ್ತು. ಮೋಟಾರ್ ಓಡುತ್ತಿರುವಾಗ ನಾನು ಹೊರಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುವುದೇ ಸುಲಭದ ಪರಿಹಾರವಾಯಿತು. 2 ಮೈಕ್ರಾನ್ ಹೆಜ್ಜೆಯಲ್ಲಿ 12 ಚಿತ್ರಗಳು ಸಾಕಾದವು. ಒಳಮುಖದ ಪಕ್ಕೆಲುಬುಗಳು ಚಕ್ರದ ಅರೆಕಾಲುಗಳಂತೆ ನಡುವಿನಿಂದ ಅಂಚಿನವರೆಗೆ ಬೆಳ್ಳಗೆ ಹರಿದಿವೆ. ಅವುಗಳಲ್ಲಿ ಎರಡರ ನಡುವೆ ಕೂದಲೆಳೆಯಂಥ ಒಂದು ಬಿರುಕಿದೆ. ಅದು ಅರ್ಧದಾರಿ ಬಂದು, ಒಂದು ರಂಧ್ರವನ್ನು ಮುಟ್ಟಿ, ಅಲ್ಲಿಗೇ ನಿಂತಿದೆ. ಅದು ನಾನು ತೊಳೆದಾಗ ಬಿಟ್ಟದ್ದೋ, ಸಮುದ್ರತಳದಲ್ಲೇ ಬಿಟ್ಟದ್ದೋ ಎಂದು ಚಿತ್ರ ನೋಡಿದಾಗಲೆಲ್ಲ ಯೋಚಿಸುತ್ತೇನೆ.

8. ಈಗ ಸಿಕ್ಕಿಕೊಂಡಿರುವುದು (ದಿನ 76, 77)

ಆಲಕೋಡಿಸ್ಕಸ್ ಚಿಪ್ಪಿನ ಅಂಚಿನಲ್ಲಿ ಕೊಂಬಿನಂಥ ಎತ್ತರದ ಭಾಗಗಳಿವೆ. ಕವರ್ ಸ್ಲಿಪ್ಪಿಗೆ ಆ ಕೊಂಬುಗಳೇ ಮೊದಲು ತಾಗುವುದರಿಂದ ನನ್ನ ಎರಡು ಚಿಪ್ಪುಗಳೂ ವಾಲಿಕೊಂಡು ರಾಳದಲ್ಲಿ ಗಟ್ಟಿಯಾಗಿವೆ. ವಾಲಿದ್ದರಿಂದ ಒಂದು ಅಂಚಿನಿಂದ ಇನ್ನೊಂದಕ್ಕೆ 22 ಮೈಕ್ರಾನ್ ವ್ಯತ್ಯಾಸ ಬಂದು, ಚಿತ್ರಗಳ ಸಂಖ್ಯೆ ಹೆಚ್ಚಿಸಲೇಬೇಕಾಗಿದೆ. ಆಗ ಒಂದು ಅಂಚಿನ ನಿಜವಾದ ಮಟ್ಟವೇ ಇನ್ನೊಂದು ಅಂಚಿನ ಸುಳ್ಳು ಬಿಂಬದ ಮಟ್ಟವಾಗುತ್ತದೆ. ಚೌಕಟ್ಟನ್ನು ನಾಲ್ಕು ಪಟ್ಟಿಗಳಾಗಿ ಸೀಳಿ ಪ್ರತಿ ಪಟ್ಟಿಗೂ ಅದರದೇ ಮಟ್ಟದ ಚಿತ್ರಗಳನ್ನು ಮಾತ್ರ ಕೊಟ್ಟು ನೋಡಿದೆ. ಪಟ್ಟಿಗಳು ಕೂಡುವಲ್ಲಿ ಎಣಿಕೆ ಇನ್ನೂ ಹೊಂದುತ್ತಿಲ್ಲ. ಆದ್ದರಿಂದ ಸ್ಲೈಡನ್ನು ಟಾಲ್ವಿನ್‌ನಲ್ಲಿ ನೆನೆಹಾಕಿ ಚಿಪ್ಪುಗಳನ್ನು ಬಿಡಿಸಿಕೊಂಡು, ಈ ಬಾರಿ ಬೆನ್ನಿನ ಮೇಲೆ ಮಗುಚಿ ಕೂರಿಸಲು ತೊಡಗಿದ್ದೇನೆ. ಒಂದು ಬಿಟ್ಟು ಬಂದಿದೆ. ಇನ್ನೊಂದರ ಸುತ್ತ ರಾಳ ಇನ್ನೂ ಕರಗುತ್ತಿದೆ.